ಬರ್ತೀವಿ ಅಂದ ತಪ್ಪಿಗೆ

ನಂಬಿ ಅಂತ ನಾನು ಯಾರ ಕೈಕಾಲೂ ಹಿಡಿಯುವುದಿಲ್ಲ. ಕೊಳ್ಳೇಗಾಲದಲ್ಲಿ ಇಪ್ಪತ್ತು ವರ್ಷದಿಂದ ಕಿಟಕಿ ಪರದೆ ಹೊಲಿಯುತ್ತಿದ್ದೇನೆ. ಟೇಪು ಹಿಡಿದು ಬದುಕುವವನು ನಾನು, ಅರ್ಧ ಇಂಚು ಜಾಸ್ತಿ ಹೇಳಿದರೂ ಬಟ್ಟೆ ಹಾಳು. ಹಾಗಾಗಿ ಆ ರಾತ್ರಿ ಕಂಡದ್ದನ್ನು ಕಂಡಷ್ಟೇ, ಕೇಳಿದ್ದನ್ನು ಕೇಳಿದಷ್ಟೇ ಬರೆಯುತ್ತೇನೆ. ದೆವ್ವದ ಕಥೆ ಹೇಳಿಕೊಂಡು ತಿರುಗುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತಿತ್ತು. ಈಗ ನಾನೇ ಅವರ ಸಾಲಿಗೆ ಸೇರಿದ್ದೇನೆ, ಏನು ಮಾಡೋದು ಹೇಳಿ.

ಹನೂರು ದಾಟಿ, ಅಜ್ಜೀಪುರದಿಂದ ಇನ್ನೂ ಒಳಕ್ಕೆ ಹೋದರೆ ಕಾಡಂಚಿನಲ್ಲಿ ಒಂದು ಹಳೇ ಕೆರೆ ಇದೆ. ಕೆರೆಯ ಹೆಸರು ಬೇಡ, ನೀವು ಹುಡುಕಿಕೊಂಡು ಹೋಗುವುದೂ ಬೇಡ. ಅದರ ದಂಡೆಯ ಮೇಲೊಂದು ಕಲ್ಲು ಬಂಗಲೆ. ಬ್ರಿಟಿಷರ ಕಾಲದಲ್ಲಿ ಸ್ಕಾಟ್ಲೆಂಡ್ ಕಡೆಯ ಒಬ್ಬ ದೊರೆ ಕಟ್ಟಿಸಿದ್ದು. ಅವನ ಊರಿನಲ್ಲಿ ಅವನ ಮನೆಯವರು ಸರೋವರದ ಪಕ್ಕ ದಾರಿಹೋಕರಿಗೆ ತಂಗುಮನೆ ನಡೆಸುತ್ತಿದ್ದರಂತೆ. ಅದರ ನೆನಪಿಗೆ ಇಲ್ಲೂ ಅಂಥದ್ದೇ ಒಂದನ್ನು ಕಟ್ಟಿ, ಮಹದೇಶ್ವರನ ಬೆಟ್ಟಕ್ಕೆ ಹೋಗಿ ಬರುವವರಿಗೆ ಬಿಟ್ಟುಕೊಡುತ್ತಿದ್ದನಂತೆ. ಇಳಿಜಾರು ಮಾಡು, ಹೊಗೆಗೂಡು, ಕೆರೆ ಕಡೆಗೆ ಸಾಲಾಗಿ ಉದ್ದುದ್ದ ಕಿಟಕಿ. ನಮ್ಮ ಬಿಸಿಲಿಗೆ ಅಷ್ಟೊಂದು ಕಿಟಕಿ ಯಾಕೆ ಅಂತ ಆ ಪುಣ್ಯಾತ್ಮನಿಗೆ ಯಾರೂ ಹೇಳಿರಲಿಲ್ಲ ಅಂತ ಕಾಣುತ್ತೆ.

ಎಷ್ಟೋ ವರ್ಷ ಪಾಳು ಬಿದ್ದಿದ್ದ ಅದನ್ನು ಮೈಸೂರಿನ ಒಬ್ಬರು ಕೊಂಡುಕೊಂಡು, ರಿಪೇರಿ ಮಾಡಿಸಿ, ಮತ್ತೆ ತಂಗುಮನೆ ಮಾಡಲು ಹೊರಟರು. ಪರದೆ ಕೆಲಸ ನಮಗೆ ಬಂತು. ನಮಗೆ ಅಂದರೆ ನನಗೂ ನನ್ನ ಹೆಂಡತಿ ರತ್ನಳಿಗೂ. ಕತ್ತರಿ ನನ್ನದು, ಮಿಷನ್ ಅವಳದು. ಹೋದ ಚಳಿಗಾಲದ ಒಂದು ದಿನ, ಹೊಲಿದ ಪರದೆಗಳನ್ನೂ ಒಂದು ಮಿಷನ್ನನ್ನೂ ಓಮ್ನಿಗೆ ತುಂಬಿಕೊಂಡು ಇಬ್ಬರೂ ಹೊರಟೆವು. ಮಾರನೇ ದಿನ ಮೊದಲ ಅತಿಥಿಗಳು ಬರುವವರಿದ್ದರು. ಸಂಜೆಯೊಳಗೆ ನೇತುಹಾಕಿ ವಾಪಸ್ಸಾಗೋಣ ಅಂತ ನನ್ನ ಲೆಕ್ಕ.

ಲೆಕ್ಕ ತಪ್ಪಿತು. ಹಳೇ ಗೋಡೆಗಳು, ಒಂದು ಕಿಟಕಿ ಇದ್ದ ಹಾಗೆ ಇನ್ನೊಂದಿಲ್ಲ. ಅಳತೆ ತೆಗೆದವನು ನಾನೇ, ಬೈಯಲು ಬೇರೆ ಯಾರೂ ಸಿಗಲಿಲ್ಲ. ರತ್ನ ನೆಲದ ಮೇಲೆ ಮಿಷನ್ ಇಟ್ಟುಕೊಂಡು ಒಂದೊಂದರದ್ದೇ ಅಂಚು ಬಿಚ್ಚಿ ಮತ್ತೆ ಹೊಲಿಯುತ್ತಾ ಕೂತಳು.

ನಾಲ್ಕು ಗಂಟೆ ಹೊತ್ತಿಗೆ ಬಂಗಲೆ ಕಾಯುವ ಜಡೆಯಪ್ಪ ಟೀ ತಂದ. ಸೋಲಿಗರವನು, ವಯಸ್ಸಾಗಿದೆ, ಮಾತು ಕಡಿಮೆ. ಏರಿಯ ಕೆಳಗೆ ಅವನ ಮನೆ. ಲೋಟ ಕೊಟ್ಟವನು ಹೋಗದೆ ಅಲ್ಲೇ ನಿಂತ.

"ಸಾ, ಒಂದ್ ಮಾತು. ಕೆಲ್ಸ ಮುಗುಸ್ಕಂಡು ಬಾಗ್ಲು ದಾಟುವಾಗ ಬತ್ತೀವಿ ಅನ್ಬ್ಯಾಡಿ. ಓಯ್ತೀವಿ ಅನ್ನಿ. ಇಲ್ಲಾಂದ್ರೆ ಸುಮ್ಕೆ ಓಗ್ಬುಡಿ."

"ಅದ್ಯಾಕಪ್ಪ?" ಅಂದಳು ರತ್ನ.

"ದೊರೆಸಾನಿ ಕಾಯ್ತಾ ಕೂತ್ಕತಾಳೆ ಕಣವ್ವ."

ಅವನ ತಾತನ ತಾಯಿ ಅಲ್ಲಿ ಅಡುಗೆಗೆ ಇದ್ದವಳಂತೆ. ದೊರೆಯ ಹೆಂಡತಿ ಪುಸ್ತಕ ಇಟ್ಟುಕೊಂಡು ಕನ್ನಡ ಕಲಿತಳಂತೆ. ತಂಗಿದ್ದವರು ಬೆಳಗ್ಗೆ ಹೊರಡುವಾಗ ಎಲ್ಲರೂ ಅನ್ನುವ ಹಾಗೆ "ಬತ್ತೀವಿ ಕಣವ್ವ" ಅಂದು ಹೋಗುತ್ತಿದ್ದರು. ಆವಮ್ಮ ಪುಸ್ತಕದಲ್ಲಿ ಕಲಿತದ್ದು ಬರುತ್ತೇವೆ ಅಂದರೆ ಬರುತ್ತೇವೆ ಅಂತಲೇ. ಸಂಜೆ ಅವರಿಗೆ ಮೇಜಿನ ಮೇಲೆ ತಟ್ಟೆ ಇಡಿಸಿ ಕಿಟಕಿಯಲ್ಲಿ ನಿಲ್ಲುತ್ತಿದ್ದಳಂತೆ. ಅದು ಬರೀ ಹೊರಡುವವರ ಮಾತು, ಬರುವ ಮಾತಲ್ಲ ಅಂತ ಬಿಡಿಸಿ ಹೇಳಲು ಎಲ್ಲರಿಗೂ ಸಂಕೋಚ. ಕೊನೆಗೆ ಒಂದು ದಿನ ದೊರೆಯೇ ತಮಾಷೆಗೆ "ಬತ್ತೀನಿ" ಅಂದು ಕುದುರೆ ಹತ್ತಿ ಹೋದವನು ಜ್ವರ ಬಂದು ಕೊಳ್ಳೇಗಾಲದಲ್ಲೇ ತೀರಿಕೊಂಡ. ಆವಮ್ಮ ಸಾಯುವ ತನಕ ಕಿಟಕಿ ಬಿಟ್ಟು ಕದಲಲಿಲ್ಲವಂತೆ.

"ಸತ್ತ ಮೇಲೂ ಬುಟ್ಟಿಲ್ಲ ಸಾ," ಅಂದ ಜಡೆಯಪ್ಪ. ಖಾಲಿ ಲೋಟ ತೆಗೆದುಕೊಂಡು, ಕತ್ತಲಾಗುವ ಮುಂಚೆಯೇ ತನ್ನ ಮನೆಗೆ ಹೋದ. ನಾವು ಹೊರಡುವಾಗ ಬೀಗದ ಕೈ ಅಲ್ಲಿಗೆ ತಂದುಕೊಡಬೇಕೆಂದು ಹೇಳಿದ.

ನನಗೆ ನಗು. ರತ್ನಳನ್ನು ರೇಗಿಸಲು ಒಳ್ಳೇ ವಿಷಯ ಸಿಕ್ಕಿತ್ತು. ಯಾಕೆಂದರೆ ಅವಳು ಕಂಡಕಂಡವರಿಗೆಲ್ಲ ಬತ್ತೀನಿ ಅನ್ನುವವಳು. ಬಸ್ ಕಂಡಕ್ಟರಿಗೆ, ಎಳನೀರಿನವನಿಗೆ, ರಾತ್ರಿ ಅಂಗಡಿ ಮುಚ್ಚಿದ ಮೇಲೆ ಶಟರಿಗೂ.

"ನೀನು ಬತ್ತೀನಿ ಅಂದ ಕಡೆಗೆಲ್ಲಾ ವಾಪಸ್ ಓಗ್ಬೇಕು ಅಂದ್ರೆ ನಂಗೆ ಅಡುಗೆ ಮಾಡಾಕೋರು ಯಾರೂ ಇರಲ್ಲ ಕಣೇ," ಅಂದೆ.

"ನೀವೇ ಬೇಯಿಸ್ಕಳಿ," ಅಂದಳು. ಅವಳೂ ನಕ್ಕಳು.

ಕೆಲಸ ಮುಗಿದಾಗ ರಾತ್ರಿ ಎಂಟು. ರತ್ನ ಒಂದೊಂದೇ ಕಿಟಕಿಗೆ ಹೋಗಿ ಪರದೆ ಎಳೆದು ಮುಚ್ಚಿದಳು. ನಾನು ಮಿಷನ್ ಹೊತ್ತು ಹೊರಗೆ ಬಂದೆ. ಅವಳು ಹಿಂದೆ ಬಂದು, ಹೊಸಲು ದಾಟಿ, ಬಾಗಿಲು ಎಳೆದುಕೊಳ್ಳುತ್ತಾ...

"ಬತ್ತೀವಿ ಕಣವ್ವ," ಅಂದುಬಿಟ್ಟಳು.

ತಕ್ಷಣ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ನಾನು ಜೋರಾಗಿ ನಕ್ಕೆ. ಅವಳಿಗೆ ನಗು ಬರಲಿಲ್ಲ. ನಾನು ಬೀಗ ಹಾಕಿದೆ, ಎರಡು ಸಲ ಎಳೆದು ನೋಡಿದೆ. ಇದನ್ನು ನೆನಪಿಟ್ಟುಕೊಂಡೇ ಹೇಳುತ್ತಿದ್ದೇನೆ.

ಜಡೆಯಪ್ಪನ ಮನೆಯಲ್ಲಿ ಕೀ ಕೊಟ್ಟು ಹೊರಟರೆ, ಅರಣ್ಯದ ಗೇಟು ಹಾಕಿತ್ತು. ಗಾರ್ಡು ಟಾರ್ಚು ಬಿಟ್ಟು ಹತ್ತಿರ ಬಂದ.

"ಆನೆ ಇಂಡು ರಸ್ತೇಲೇ ನಿಂತದೆ ಸಾ. ಮರಿ ಬೇರೆ ಅದೆ. ಬೆಳಗಾಗೋಗಂಟ ಬುಡಕ್ಕಾಗಲ್ಲ. ಎಲ್ಲಿಂದ ಬಂದ್ರೋ ಅಲ್ಲಿಗೇ ಓಗಿ."

ನಾನು ಗಾಡಿ ತಿರುಗಿಸಿದೆ. ರತ್ನ ಏನು ಯೋಚಿಸುತ್ತಿದ್ದಾಳೆ ಅಂತ ನನಗೆ ಗೊತ್ತಿತ್ತು, ನಾನೂ ಅದನ್ನೇ ಯೋಚಿಸುತ್ತಿದ್ದೆ. ಬರ್ತೀವಿ ಅಂದಿದ್ದೆವು... ಬರುತ್ತಿದ್ದೆವು.

ಜಡೆಯಪ್ಪ ಬಾಗಿಲಲ್ಲೇ ಕೂತಿದ್ದ. ನಾವು ಬರುವುದು ಅವನಿಗೆ ಗೊತ್ತಿದ್ದ ಹಾಗಿತ್ತು.

"ಓಗುವಾಗ ಏನಂದ್ರಿ?" ಅಂತ ಕೇಳಿದ.

ರತ್ನ ಹೇಳಿದಳು. ಮನೆಯೊಳಗೆ ಅವನ ಸೊಸೆ ಹತ್ತು ದಿನದ ಬಾಣಂತಿ, ಇರುವುದೇ ಒಂದು ಕೋಣೆ. ಇಲ್ಲೇ ಇರಿ ಅನ್ನುವ ಹಾಗಿರಲಿಲ್ಲ, ನಾವು ಕೇಳುವ ಹಾಗೂ ಇರಲಿಲ್ಲ. ಆನೆ ಓಡಾಡುವ ಕಡೆ ಓಮ್ನಿಯಲ್ಲಿ ಮಲಗುವ ಧೈರ್ಯ ನನಗಿಲ್ಲ. ಅವನು ಕೀ ಕೊಟ್ಟ.

"ಬೆಳಗ್ಗೆ ಓಗುವಾಗ ಅಂದೋರೇ ಅನ್ಬೇಕು ಕಣವ್ವ. ಬಾಗ್ಲು ದಾಟಿ, ಬಂಗ್ಲೆ ಕಡೆ ತಿರುಗಿ, ಬಾಯ್ಬುಟ್ಟು ಓಯ್ತೀನಿ ಅನ್ಬೇಕು. ಇಲ್ದಿದ್ರೆ ಆವಮ್ಮ ಬುಡಕಿಲ್ಲ."

ನಮ್ಮ ಕಡೆ ಮನೆಯಿಂದ ಹೊರಡುವವರು ಯಾರೂ ಹೋಗ್ತೀನಿ ಅನ್ನುವುದಿಲ್ಲ. ಹೋಗುವುದು ಅಂದರೆ ಒಂದೇ ಹೋಗುವುದು.

"ನಂಗಾಗಲ್ಲ ಜಡೆಯಪ್ಪ," ಅಂದಳು. "ಗಂಡನ್ ಮುಂದೆ ನಿಂತ್ಕಂಡು ಓಯ್ತೀನಿ ಅನ್ನೋದಾ? ನಮ್ಮವ್ವ ಪ್ರಾಣ ಬುಡುವಾಗ ನನ್ ಮಕ ನೋಡ್ಕಂಡು ಅಂದ ಮಾತು ಅದು. ಅದು ನನ್ ಬಾಯಲ್ಲಿ ಬರಲ್ಲ."

ಜಡೆಯಪ್ಪ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಏರಿ ಮೇಲೆ ಬರುವಾಗ ಬಂಗಲೆ ಕಂಡಿತು. ರತ್ನ ಎಲ್ಲಾ ಪರದೆ ಮುಚ್ಚಿದ್ದಳು, ನಾನು ಕಣ್ಣಾರೆ ನೋಡಿದ್ದೆ. ಈಗ ಕೆರೆ ಕಡೆಯ ಕೊನೆಯ ಕಿಟಕಿಯ ಪರದೆ ಮಾತ್ರ ಸರಿದಿತ್ತು. ಒಳಗೆ ಮಂದ ಬೆಳಕು. ಗಾಜಿನ ಮೇಲೆ ಬೆಳದಿಂಗಳು ಬಿದ್ದಿದೆ ಅಂತ ನನಗೆ ನಾನೇ ಹೇಳಿಕೊಂಡೆ. ಆಮೇಲೆ ತಲೆ ಎತ್ತಿ ನೋಡಿದರೆ ಆಕಾಶದಲ್ಲಿ ಚಂದ್ರನೇ ಇರಲಿಲ್ಲ.

ಬೀಗ ಹಾಕಿದ ಹಾಗೇ ಇತ್ತು. ತೆಗೆದು ಒಳಗೆ ಹೋಗಿ ಸ್ವಿಚ್ ಒತ್ತಿದೆ. ಕರೆಂಟಿಲ್ಲ. ಮೊಬೈಲ್ ಬೆಳಕು ಬಿಟ್ಟೆ. ಹಗಲೆಲ್ಲಾ ಬರೀ ಹೊಸ ಬಣ್ಣದ ವಾಸನೆ ಇದ್ದ ಹಾಲ್‌ನಲ್ಲಿ ಈಗ ಒದ್ದೆ ಕಂಬಳಿಯ ವಾಸನೆ... ಜೊತೆಗೆ ಆಗತಾನೆ ಆರಿಸಿದ ಮೇಣದಬತ್ತಿಯ ಹೊಗೆ.

ಊಟದ ಮೇಜಿನಿಂದ ಎರಡು ಕುರ್ಚಿ ಹೊರಗೆ ಎಳೆದಿದ್ದವು. ಎರಡೇ.

ನಾನು ಅವನ್ನು ಒಳಗೆ ತಳ್ಳಲು ಹೋದೆ. ರತ್ನ ನನ್ನ ತೋಳು ಹಿಡಿದಳು.

"ಬ್ಯಾಡ, ಇರ್ಲಿ," ಅಂದಳು ಪಿಸುಮಾತಿನಲ್ಲಿ. "ನಮಗೇ ಅಂತ ಮಡಗವ್ಳೆ."

ಬಾಗಿಲ ಪಕ್ಕದ ಕೋಣೆಯಲ್ಲಿ ಪ್ಲಾಸ್ಟಿಕ್ ಕವರ್ ತೆಗೆಯದ ಹೊಸ ಹಾಸಿಗೆ ಇತ್ತು. ಅದರ ಮೇಲೆ ಮಲಗಿದೆವು. ಕೆರೆ ಕಡೆಯಿಂದ ಕಪ್ಪೆ ಸದ್ದು ಬರುತ್ತಿತ್ತು. ನನಗೆ ಯಾವಾಗ ಜೋಂಪು ಹತ್ತಿತೋ ಗೊತ್ತಿಲ್ಲ. ಎಚ್ಚರವಾದಾಗ ಕಪ್ಪೆಗಳೆಲ್ಲ ಸುಮ್ಮನಾಗಿದ್ದವು.

ಸರ್ರ್...

ಆ ಸದ್ದು ನನಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ. ಪರದೆಯ ಬಳೆಗಳು ಕಬ್ಬಿಣದ ಸರಳಿನ ಮೇಲೆ ಜಾರುವ ಸದ್ದು. ದಿನಕ್ಕೆ ನೂರು ಸಲ ಕೇಳುತ್ತೇನೆ. ಹಾಲ್‌ನ ಆ ತುದಿಯಲ್ಲಿ ಯಾರೋ ಒಂದು ಪರದೆ ಸರಿಸಿದರು. ಸ್ವಲ್ಪ ಹೊತ್ತು ಬಿಟ್ಟು, ಅದರ ಪಕ್ಕದ್ದು. ಸರ್ರ್... ಮತ್ತೆ ಅದರ ಪಕ್ಕದ್ದು. ಅವಸರವಿಲ್ಲ. ಒಂದೊಂದು ಕಿಟಕಿಯಲ್ಲೂ ನಿಂತು, ಹೊರಗೆ ನೋಡಿ, ಮುಂದಕ್ಕೆ ಬರುತ್ತಿದ್ದ ಹಾಗೆ.

ಪಕ್ಕಕ್ಕೆ ಕೈ ಹಾಕಿದೆ. ರತ್ನ ಇರಲಿಲ್ಲ.

ಹೆದರಿಕೆ ಅಂದರೆ ಏನು ಅಂತ ನನಗೆ ಆವತ್ತು ಗೊತ್ತಾಯಿತು. ಗೋಡೆ ಹಿಡಿದುಕೊಂಡು ಹಾಲ್‌ಗೆ ಬಂದೆ. ಏರಿ ಮೇಲಿಂದ ಕಂಡಿದ್ದ ಅದೇ ಮಂದ ಬೆಳಕಿನಲ್ಲಿ, ನಡುವಿನ ಕಿಟಕಿಯ ಹತ್ತಿರ ರತ್ನ ನಿಂತಿದ್ದಳು, ನನಗೆ ಬೆನ್ನು ಮಾಡಿ. ಅವಳ ಎರಡೂ ಕೈ ಸೆರಗಿನೊಳಗಿದ್ದವು. ಅವಳ ಪಕ್ಕದ ಪರದೆ ತಾನಾಗಿ ಮೆಲ್ಲಗೆ ಸರಿಯಿತು.

"ಇಲ್ಲ ಕಣವ್ವ, ಬಂದೀವಲ್ಲ," ಅನ್ನುತ್ತಿದ್ದಳು ರತ್ನ, ನೆಂಟರ ಮನೆಯಲ್ಲಿ ಮಾತಾಡುವ ಹಾಗೆ. "ಊಟ ಬ್ಯಾಡ. ನೀನು ಮನಿಕ್ಕ ಓಗು."

ಆಮೇಲೆ ಇನ್ನೊಂದು ದನಿ. ಹೆಂಗಸಿನದು. ಒಂದೊಂದು ಅಕ್ಷರವನ್ನೂ ಬಿಡಿಸಿ, ಪಾಠ ಒಪ್ಪಿಸುವ ಹಾಗೆ...

"ಹೋಗ... ಬೇಡಿ."

ನೀವು ಬೇರೆ ಕಡೆಯವರಾದರೆ ಇದರಲ್ಲಿ ಏನಿದೆ ಅನ್ನಬಹುದು. ನಮ್ಮ ಸೀಮೆಯಲ್ಲಿ ಮಾತಿನ ಮೊದಲಿನ ಹಕಾರ ಯಾರ ಬಾಯಲ್ಲೂ ನಿಲ್ಲುವುದಿಲ್ಲ. ಹಾಲು ಆಲು, ಹಸು ಅಸ, ಹೋಗು ಓಗು. ಬರೆಯುವಾಗ ಬರೆಯುತ್ತೇವೆ, ಅಷ್ಟೇ. ಆ ಕತ್ತಲಲ್ಲಿ ಕೇಳಿದ ಹಕಾರ ಪುಸ್ತಕದಿಂದ ಎದ್ದು ಬಂದದ್ದು, ಎದೆಯಿಂದ ಉಸಿರು ತೆಗೆದು ಆಡಿದ್ದು. ಜಡೆಯಪ್ಪನದಲ್ಲ, ರತ್ನಳದಲ್ಲ, ಸುತ್ತ ಇಪ್ಪತ್ತು ಊರಿನ ಯಾವ ಹೆಂಗಸಿನದೂ ಅಲ್ಲ.

"ರತ್ನ," ಅಂದೆ ಹೇಗೋ.

ಅವಳು ತಿರುಗಿದಳು. ನಿದ್ದೆಗಣ್ಣೇನೂ ಅಲ್ಲ, ಚೆನ್ನಾಗಿ ಎಚ್ಚರವಿದ್ದಳು. ನನ್ನ ಜೊತೆ ಬಂದು ಹಾಸಿಗೆಯ ಮೇಲೆ ಕೂತಳು. ಅವಳ ಕೈ ತಣ್ಣಗಿತ್ತು.

"ಯಾರೇ ಅದು?"

"ಬಂದ್ರಾ ಅಂತ ಕೇಳುದ್ಲು," ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಪಾಪ ಕಣ್ರಿ. ಒಬ್ಳೇ ಅವ್ಳೆ. ಇಷ್ಟು ವರ್ಸದಲ್ಲಿ ಬತ್ತೀನಿ ಅಂದು ಬಂದೋಳು ನಾನೊಬ್ಳೇ ಅಂತೆ."

ಅವಳು ಹೆದರಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಅವಳಿಗೆ ಅಯ್ಯೋ ಅನ್ನಿಸಿತ್ತಲ್ಲ, ಅದಕ್ಕೇ ನಾನು ಹೆದರಿದ್ದು. ರತ್ನ ಅಯ್ಯೋ ಅನ್ನಿಸಿದವರನ್ನು ಬಿಟ್ಟು ಬರುವವಳಲ್ಲ, ಹದಿನೆಂಟು ವರ್ಷ ನೋಡಿದ್ದೇನೆ. ನನಗೆ ಬೇಕಾಗಿದ್ದದ್ದು ಒಂದೇ, ಬೆಳಗಾಗುತ್ತಲೇ ಇವಳನ್ನು ಇಡಿಯಾಗಿ ಇಲ್ಲಿಂದ ಕರೆದುಕೊಂಡು ಹೋಗಬೇಕು. ಪರದೆ ಕಟ್ಟುವ ಹುರಿಯಿಂದ ಅವಳ ಎಡಗೈಯನ್ನು ನನ್ನ ಬಲಗೈಗೆ ಕಟ್ಟಿಕೊಂಡೆ. ಬೇಡ ಅನ್ನಲಿಲ್ಲ ಅವಳು. ಮಹದೇಶ್ವರನನ್ನು ನೆನೆಯುತ್ತಾ, ಕಣ್ಣು ಮುಚ್ಚದೆ ಕೂತೆ. ಹಾಲ್‌ನಲ್ಲಿ ಮತ್ತೆ ಸದ್ದಾಗಲಿಲ್ಲ. ಆದರೆ ಬಾಗಿಲ ಹೊರಗಡೆ, ತೀರಾ ಹತ್ತಿರ, ಒದ್ದೆ ಕಂಬಳಿಯ ವಾಸನೆ ಹಾಗೇ ನಿಂತಿತ್ತು.

ಬೆಳಕು ಹರಿಯುವ ಮುಂಚೆ ಒಂದು ಗಳಿಗೆ ಕಣ್ಣು ಎಳೆದಿರಬೇಕು. ಎದ್ದಾಗ ಗಂಟು ನಾನು ಹಾಕಿದ ಹಾಗೇ ಇತ್ತು. ರತ್ನ ಪಕ್ಕದಲ್ಲಿ ಕೂತು, ಬಾಗಿಲ ಕಡೆ ನೋಡುತ್ತಿದ್ದಳು. ಹಾಲ್‌ನ ಎಲ್ಲಾ ಪರದೆ ತೆಗೆದಿದ್ದವು. ಕೆರೆಯ ಮೇಲೆ ಮಂಜು.

ಗಂಟು ಬಿಚ್ಚಿ, ಇದ್ದಬದ್ದ ಸಾಮಾನನ್ನು ಓಮ್ನಿಗೆ ತುರುಕಿದೆ. ರತ್ನ ಬಾಗಿಲವರೆಗೂ ಬಂದು ನಿಂತಳು. ಹೊಸಲಿನ ಒಳಗೆ ಅವಳು, ಮೆಟ್ಟಿಲ ಕೆಳಗೆ ನಾನು.

"ಅಂದ್ಬುಡು ರತ್ನ," ಅಂದೆ. "ಕೆಟ್ಟ ಮಾತು ಅಂತ ನಂಗೂ ಗೊತ್ತು. ನಂಗೇನೂ ಆಗಲ್ಲ, ನಿಂಗೂ ಏನೂ ಆಗಲ್ಲ. ಒಂದ್ ಸಲ ಅಂದ್ಬುಟ್ಟು ಬಾ."

ಅವಳು ಒಂದು ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಕಣ್ಣಲ್ಲಿ ನೀರು ತುಂಬಿಕೊಂಡಿತ್ತು.

"ಬಾರೇ," ಅಂದೆ.

"ಓಯ್ತೀನಿ," ಅಂದಳು ರತ್ನ.

ಮೆಲ್ಲಗೆ, ಆದರೆ ಸ್ಪಷ್ಟವಾಗಿ. ಆಮೇಲೆ ಹೊಸಲು ದಾಟಿ, ಮೆಟ್ಟಿಲಿಳಿದು, ಓಮ್ನಿಯಲ್ಲಿ ಕೂತಳು. ನನ್ನ ಜೀವ ಬಂದ ಹಾಗಾಯಿತು. ಕೀ ಕೊಡುವಾಗ ಜಡೆಯಪ್ಪನಿಗೆ ಅಂದಳು ಕಣಪ್ಪ, ಅಂದಳು ಅಂತ ಎರಡು ಸಲ ಹೇಳಿದೆ. ಗೇಟು ತೆರೆದಿತ್ತು. ಹನೂರಿನ ಹೋಟೆಲಿನಲ್ಲಿ ಇಡ್ಲಿ ತಿಂದೆವು. ಎಲ್ಲಾ ಮುಗಿಯಿತು ಅಂದುಕೊಂಡೆ.

ಹೋಟೆಲಿನಿಂದ ಹೊರಗೆ ಬರುವಾಗ ರತ್ನ ಹೂವಿನವಳ ಮುಂದೆ ನಿಂತು, "ಹೂವು ತೆಗೆದುಕೊಳ್ಳೋಣ," ಅಂದಳು.

ಹೂವು. ಹಕಾರ ಸಮೇತ.

ರಾತ್ರಿ ಕೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಉಳಿದಿದೆ ಅಂದುಕೊಂಡು ಗಾಡಿ ಹತ್ತಿದೆ. ಅದಾಗಿ ಇಷ್ಟು ತಿಂಗಳಾಯಿತು. ಈಗಲೂ ಅವಳು ಬೆಳಗ್ಗೆ ಬಾಗಿಲಿಂದ "ಹಾಲು ಬಂದಿದೆ" ಅನ್ನುತ್ತಾಳೆ. ತವರಿನ ಹೆಸರು ಹುಟ್ಟಿದಾಗಿನಿಂದ ಅವಳ ಬಾಯಲ್ಲಿ ಒನ್ನೂರು, ಈಗ ಹೊನ್ನೂರು. ಪಕ್ಕದ ಮನೆಯವರು ನಿಮ್ಮನೆಯವ್ರು ಪ್ಯಾಟೆಯೋರಂಗೆ ಮಾತಾಡ್ತಾರೆ ಅಂತ ಮೆಚ್ಚಿಕೊಳ್ಳುತ್ತಾರೆ. ಕೇಳಿದರೆ ನಗುತ್ತಾಳೆ, ಟಿವಿ ನೋಡಿ ಬಂದಿರಬೇಕು ಅನ್ನುತ್ತಾಳೆ. ಇರಬಹುದು. ಸಾರಿನ ರುಚಿ ಹಾಗೇ ಇದೆ. ಹೊಲಿಗೆ ಹಾಗೇ ಇದೆ. ನನ್ನನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಾಳೆ, ಮೊದಲಿಗಿಂತ ಚೆನ್ನಾಗಿ. ನಾನು ಅಂಗಡಿಯಿಂದ ತಡವಾಗಿ ಬಂದರೆ ಕಿಟಕಿಯಲ್ಲಿ ನಿಂತಿರುತ್ತಾಳೆ, ತಟ್ಟೆ ಹಾಕಿರುತ್ತೆ. ಯಾವ ಗಂಡನಿಗೆ ಇದಕ್ಕಿಂತ ಹೆಚ್ಚು ಬೇಕು ಅಂತ ನಾನೇ ನನ್ನನ್ನು ಗದರಿಕೊಳ್ಳುತ್ತೇನೆ.

ಹೋದ ತಿಂಗಳು ಜಡೆಯಪ್ಪ ಏನೋ ಕೆಲಸಕ್ಕೆ ಕೊಳ್ಳೇಗಾಲಕ್ಕೆ ಬಂದವನು ಅಂಗಡಿಗೂ ಬಂದ. ರತ್ನ ಟೀ ತಂದುಕೊಟ್ಟು, "ಹೇಗಿದ್ದೀರಿ? ಮಗು ಹೇಗಿದೆ?" ಅಂತ ವಿಚಾರಿಸಿದಳು. ಅವನು ಅವಳ ಮುಖವನ್ನೇ ನೋಡಿದ. ಟೀ ಮುಟ್ಟಲಿಲ್ಲ. ಎದ್ದು ಹೊರಗೆ ಬಂದ, ನಾನೂ ಹಿಂದೆಯೇ ಬಂದೆ. ರಸ್ತೆಯಲ್ಲಿ ನಿಂತು, ದನಿ ತಗ್ಗಿಸಿ ಕೇಳಿದ.

"ಆವತ್ತು ಅವ್ವ ಯಾವ್ ಕಡೆ ತಿರುಗಿ ಅಂದ್ರು ಸಾ?"

"ಬಂಗ್ಲೆ ಕಡೆ ತಿರುಗಿ," ಅಂದೆ.

ಸುಳ್ಳು ಹೇಳಿದೆ. ಅವಳು ಬಂಗಲೆಗೆ ಬೆನ್ನು ಹಾಕಿ ನಿಂತಿದ್ದಳು. ಓಯ್ತೀನಿ ಅಂದದ್ದು ನನ್ನ ಮುಖ ನೋಡಿಕೊಂಡು.